ವಸಂತದಲ್ಲೇ ಬಿಸಿಲು ಏರಿದಾಗ ಲೆಟ್ಯೂಸ್ ಮತ್ತು ಇತರ ತಂಪು ಬೆಳೆಗಳನ್ನು ಬೆಳೆಯುವ ಬಗೆ

ಬೀಜ ಹಾಕಿ ಎರಡು ವಾರವಾದರೂ ಲೆಟ್ಯೂಸ್ ಮೊಳೆಯಲಿಲ್ಲ. ಮೊಳೆತ ನಾಲ್ಕು ಗಿಡವೂ ಅಂಗೈ ಅಗಲ ಆಗುವಷ್ಟರಲ್ಲಿ ನಡುವಿನಿಂದ ದಂಟು ಎದ್ದು, ಎಲೆ ಬಾಯಿಗಿಡಲಾಗದಷ್ಟು ಕಹಿಯಾಯಿತು. ವಸಂತದಲ್ಲಿ ತಂಪು ಬೆಳೆ ಮಾಡಹೊರಟವರಿಂದ ಹೆಚ್ಚಾಗಿ ಕೇಳಿಬರುವ ದೂರುಗಳು ಈ ಎರಡೇ. ಬೀಜವೇ ಸರಿಯಿಲ್ಲ ಎಂದು ತೀರ್ಮಾನಿಸುವ ಮೊದಲು ಮಧ್ಯಾಹ್ನ ಎರಡು ಗಂಟೆಗೆ ಪಾತಿಯ ಮಣ್ಣಿನಲ್ಲಿ, ಒಂದೆರಡು ಸೆಂಟಿಮೀಟರ್ ಆಳಕ್ಕೆ, ಒಂದು ಥರ್ಮಾಮೀಟರ್ ಊರಿ ನೋಡಿ. ಬಹುತೇಕ ಸಲ ಉತ್ತರ ಅಲ್ಲೇ ಸಿಗುತ್ತದೆ.

ಲೆಟ್ಯೂಸ್, ಸ್ಪಿನಾಚ್, ಮೂಲಂಗಿ, ಬಟಾಣಿ, ಕ್ಯಾರೆಟ್, ಬೀಟ್‌ರೂಟ್, ಎಲೆಕೋಸು, ಹೂಕೋಸು, ಬ್ರೊಕೊಲಿ, ಕೊತ್ತಂಬರಿ ಇವೆಲ್ಲ ತಂಪು ಬಯಸುವ ಬೆಳೆಗಳು. ಹಗಲಿನ ಉಷ್ಣಾಂಶ 15ರಿಂದ 20 ಡಿಗ್ರಿ ಸೆಲ್ಸಿಯಸ್ ಇದ್ದರೆ ಇವಕ್ಕೆ ಹಬ್ಬ. 25ರವರೆಗೂ ದೂರಿಲ್ಲದೆ ಬೆಳೆಯುತ್ತವೆ. ಅದರಾಚೆ ಒಂದೊಂದು ಬೆಳೆ ಒಂದೊಂದು ರೀತಿಯಲ್ಲಿ ಮುನಿಸಿಕೊಳ್ಳುತ್ತದೆ. ಚಳಿ ಮುಗಿದು ನಿಧಾನವಾಗಿ ಬಿಸಿಲೇರುವ ವರ್ಷಗಳಲ್ಲಿ ಇವನ್ನು ಬೆಳೆಯಲು ವಿಶೇಷ ಜಾಣ್ಮೆ ಬೇಕಿಲ್ಲ. ಚಳಿಯ ಬೆನ್ನಿಗೇ ಸುಡುಬಿಸಿಲು ಬರುವ ವರ್ಷಗಳಲ್ಲಿ ಬೇಕು.

ಗಾಳಿಯ ಬಿಸಿಯನ್ನು ತಗ್ಗಿಸುವುದು ನಮ್ಮಿಂದಾಗದು. ಆದರೆ ಮೂರು ಸಂಗತಿಗಳು ಪೂರ್ತಿ ನಮ್ಮ ಕೈಯಲ್ಲಿವೆ: ಬೀಜ ಮೊದಲ ಸಲ ನೀರು ಕುಡಿಯುವ ಹೊತ್ತು, ಮೇಲ್ಮಣ್ಣಿನ ಬಿಸಿ, ಮತ್ತು ಕೊಯ್ಯುವ ದಿನ. ನೆರಳು ಪರದೆಗೆ ದುಡ್ಡು ಸುರಿಯುವ ಮುಂಚೆ ಈ ಮೂರನ್ನು ಹಿಡಿತಕ್ಕೆ ತಂದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ದಿನಗಳ ಲೆಕ್ಕ

ಹಗಲಿನ ಗರಿಷ್ಠ ಉಷ್ಣಾಂಶ ದಿನವೂ 28 ಡಿಗ್ರಿ ದಾಟುವುದು ನಿಮ್ಮಲ್ಲಿ ಸಾಮಾನ್ಯವಾಗಿ ಯಾವಾಗ? ಹಿಂದಿನ ಕೆಲವು ವರ್ಷಗಳ ಹವಾಮಾನ ದಾಖಲೆ ತೆಗೆದು ನೋಡಿ, ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಇತ್ತೀಚಿನ ವರ್ಷಗಳಲ್ಲಿ ಬಿಸಿ ಬೇಗ ಬರುತ್ತಿದೆ ಅನ್ನಿಸಿದರೆ ಎರಡು ವಾರ ಇನ್ನೂ ಹಿಂದಕ್ಕೆ ಸರಿಸಿಕೊಳ್ಳಿ.

ಎಳೆ ಎಲೆಗಾಗಿ ಬೆಳೆಯುವ ಲೆಟ್ಯೂಸ್ 25ರಿಂದ 30 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಬಿಡಿ ಎಲೆಯ ಲೆಟ್ಯೂಸ್ ಪೂರ್ತಿ ಬೆಳೆಯಲು ಸುಮಾರು 50 ದಿನ, ಗಟ್ಟಿ ಉಂಡೆ ಕಟ್ಟುವ ಜಾತಿಗೆ 75ರಿಂದ 80 ದಿನ ಬೇಕು. ಚಿಕ್ಕ ಕೆಂಪು ಮೂಲಂಗಿಗೆ 25–30 ದಿನ ಸಾಕು. ಸ್ಪಿನಾಚ್‌ಗೆ 40–45, ಬಟಾಣಿಗೆ 60ರ ಮೇಲೆ, ಕ್ಯಾರೆಟ್‌ಗೆ 70ರ ಆಸುಪಾಸು. ಬ್ರೊಕೊಲಿ, ಹೂಕೋಸುಗಳಿಗೆ ಸಸಿ ನೆಟ್ಟ ಮೇಲೆಯೇ ಎರಡು ತಿಂಗಳು ಹಿಡಿಯುತ್ತದೆ, ಸಸಿ ಬೆಳೆಸುವ ನಾಲ್ಕೈದು ವಾರ ಬೇರೆ.

ಲೆಕ್ಕ ಹಾಕಿದಾಗ ಕೈಯಲ್ಲಿ ಆರು ವಾರ ಮಾತ್ರ ಉಳಿದಿದ್ದರೆ ಹೂಕೋಸಿನ ಆಸೆ ಬಿಡಿ. ಎಲೆ ಲೆಟ್ಯೂಸ್, ಮೂಲಂಗಿ, ಕೊತ್ತಂಬರಿ ಹಾಕಿ. ಗೆಲ್ಲಲಾಗದ ಬೆಳೆಗೆ ಜಾಗ, ನೀರು, ಶ್ರಮ ಮೂರನ್ನೂ ಕೊಡುವುದಕ್ಕಿಂತ ಗೆಲ್ಲುವ ಬೆಳೆಯನ್ನು ಮೂರು ಕಂತಿನಲ್ಲಿ ಬಿತ್ತುವುದು ಲೇಸು.

ಯಾವ ಜಾತಿಯ ಲೆಟ್ಯೂಸ್?

ಗಟ್ಟಿ ಉಂಡೆಯ ಐಸ್‌ಬರ್ಗ್ ಬಗೆ ಬಿಸಿ ವಸಂತಕ್ಕೆ ಹೇಳಿ ಮಾಡಿಸಿದ್ದಲ್ಲ. ಉಂಡೆ ಕಟ್ಟಲು ಹೆಚ್ಚು ದಿನ ಬೇಕು, ಉಂಡೆ ಕಟ್ಟುವ ಹೊತ್ತಿಗೆ ಸೆಖೆ ಏರಿದರೆ ಒಳಗಿನ ಎಲೆಯಂಚು ಕಂದುತ್ತದೆ. ಬಟಾವಿಯನ್ ಎಂಬ ಗುಂಪು ಇದಕ್ಕೂ ಬಿಡಿ ಎಲೆಯ ಬಗೆಗೂ ನಡುವಿನದು: ಮೊದಲು ಬಿಡಿಬಿಡಿಯಾಗಿ ಬೆಳೆದು ಕೊನೆಗೆ ಸಡಿಲ ಉಂಡೆಯಾಗುತ್ತದೆ, ಗರಿಗರಿಯಾಗಿರುತ್ತದೆ, ಬಿಸಿಯನ್ನು ಉಳಿದವಕ್ಕಿಂತ ಚೆನ್ನಾಗಿ ತಾಳುತ್ತದೆ. ನೆವಾಡ, ಸಿಯೆರಾ ಈ ಗುಂಪಿನ ತಳಿಗಳು. ನೀಳ ಎಲೆಯ ರೊಮೇನ್ ಬಗೆಯಲ್ಲಿ ಇಸ್ರೇಲಿನಲ್ಲಿ ಅಭಿವೃದ್ಧಿಪಡಿಸಿದ ಜೆರಿಕೊ ಬಿಸಿಗೆ ಹೆಸರಾದದ್ದು. ಬೆಣ್ಣೆಯಂತೆ ಮೃದುವಾದ ಎಲೆಯ ಗುಂಪಿನಲ್ಲಿ ಬಟರ್‌ಕ್ರಂಚ್ ಹಳೆಯದಾದರೂ ನಂಬಬಹುದಾದ ತಳಿ. ಬಿಡಿ ಎಲೆಯಲ್ಲಿ ಸಲಾಡ್ ಬೌಲ್ ಕೊಯ್ದಂತೆಲ್ಲ ಮತ್ತೆ ಚಿಗುರುತ್ತದೆ.

ಬೀಜದ ಪೊಟ್ಟಣದ ಮೇಲೆ ‘ತಡವಾಗಿ ಹೂಬಿಡುವ’ ಎಂದಿದ್ದರೆ ಅದು ಒಂದೆರಡು ವಾರದ ಬಿಡುವು ಕೊಡುವ ಮಾತು ಅಷ್ಟೇ. ಯಾವ ತಳಿಯೂ ಬಿಸಿಯನ್ನು ಪೂರ್ತಿ ಗೆದ್ದಿಲ್ಲ. ಆದರೆ ವಸಂತದಲ್ಲಿ ಆ ಎರಡು ವಾರವೇ ಒಂದು ಇಡೀ ಕೊಯ್ಲಾಗಬಹುದು. ಹಾಗಾಗಿ ನನ್ನ ಸಲಹೆ, ಒಂದೇ ತಳಿಗೆ ಜೋತುಬೀಳದೆ ಒಂದು ಬಟಾವಿಯನ್, ಒಂದು ರೊಮೇನ್, ಒಂದು ಬಿಡಿ ಎಲೆಯ ಬಗೆ ಹಾಕಿ. ಯಾವುದು ನಿಮ್ಮ ಮಣ್ಣಿಗೆ ಒಗ್ಗುತ್ತದೆ ಎಂಬುದು ಒಂದೇ ಋತುವಿನಲ್ಲಿ ಗೊತ್ತಾಗುತ್ತದೆ.

ಬೀಜ ಮೊಳೆಯಿಸುವುದು: ಎಲ್ಲಕ್ಕಿಂತ ಮುಖ್ಯವಾದ ಹಂತ

ಲೆಟ್ಯೂಸ್ ಬೀಜ ಬಿಸಿ ಮಣ್ಣಿನಲ್ಲಿ ಸಾಯುವುದಿಲ್ಲ, ನಿದ್ದೆಗೆ ಜಾರುತ್ತದೆ. ಮಣ್ಣು 15ರಿಂದ 22 ಡಿಗ್ರಿ ಇದ್ದಾಗ ಮೂರ್ನಾಲ್ಕು ದಿನಗಳಲ್ಲಿ ಮೊಳೆಯುವ ಬೀಜ, 27–28 ಡಿಗ್ರಿ ದಾಟಿದರೆ ಬಹುತೇಕ ತಳಿಗಳಲ್ಲಿ ಸುಮ್ಮನೆ ಕೂರುತ್ತದೆ. ಬೀಜದೊಳಗಿನ ಭ್ರೂಣದ ಸುತ್ತ ತೆಳುವಾದ ಆದರೆ ಬಿಗಿಯಾದ ಒಂದು ಪದರ ಇದೆ. ಆ ಪದರ ಮೆತ್ತಗಾದರೆ ಮಾತ್ರ ಬೇರು ಅದನ್ನು ತೂರಿ ಹೊರಬರಬಲ್ಲದು. ಬಿಸಿಯಲ್ಲಿ ಅದು ಮೆತ್ತಗಾಗುವುದಿಲ್ಲ. ಲೆಟ್ಯೂಸಿನ ಕಾಡು ಪೂರ್ವಜನಾದ ಮುಳ್ಳು ಲೆಟ್ಯೂಸಿನ ನೆಲೆಯಲ್ಲಿ ಬೇಸಿಗೆ ಒಣಗಿರುತ್ತಿತ್ತು. ಒಂದು ಹನಿ ಮಳೆಗೆ ಮೋಸಹೋಗಿ ಬೇಸಿಗೆಯ ನಡುವೆ ಮೊಳೆತರೆ ಉಳಿಗಾಲವಿಲ್ಲ. ಆದ್ದರಿಂದ ತಂಪು ಮರಳುವವರೆಗೆ ಕಾಯುವ ಗುಣ ಬೀಜಕ್ಕೆ ಬಂದಿದೆ. ಗಿಡದ ಮಟ್ಟಿಗೆ ಇದು ಜಾಣತನ.

ಮುಖ್ಯವಾದ ಮಾತೆಂದರೆ, ಬೀಜ ಬಿಸಿಗೆ ಅತಿ ಸೂಕ್ಷ್ಮವಾಗಿರುವುದು ನೀರು ಕುಡಿಯಲು ತೊಡಗಿದ ಮೊದಲ ಕೆಲವು ಗಂಟೆಗಳಲ್ಲಿ. ಆ ಗಂಟೆಗಳನ್ನು ತಂಪಿನಲ್ಲಿ ದಾಟಿಸಿಬಿಟ್ಟರೆ, ಆಮೇಲೆ ಮಣ್ಣು ತುಸು ಬಿಸಿಯಿದ್ದರೂ ಮೊಳಕೆ ಬರುತ್ತದೆ. ಬೆಳಗ್ಗೆ ಬಿತ್ತಿ ನೀರು ಹಾಕಿದರೆ ಆ ಸೂಕ್ಷ್ಮ ಗಂಟೆಗಳು ಸರಿಯಾಗಿ ನಡುಮಧ್ಯಾಹ್ನಕ್ಕೆ ಬರುತ್ತವೆ. ಸಂಜೆ ಬಿತ್ತಿದರೆ ಅವು ರಾತ್ರಿಯಲ್ಲಿ ಕಳೆಯುತ್ತವೆ. ಕಾಸಿನ ಖರ್ಚಿಲ್ಲದ ಉಪಾಯ ಇದು, ಇದನ್ನು ತಪ್ಪಿಸಲೇಬೇಡಿ.

ಇನ್ನೊಂದು ಬೆಳಕಿನ ವಿಷಯ. ಅಮೆರಿಕದ ಕೃಷಿ ಇಲಾಖೆಯ ಬೆಲ್ಟ್ಸ್‌ವಿಲ್ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬಾರ್ಥ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು ಗ್ರ್ಯಾಂಡ್ ರ್‍ಯಾಪಿಡ್ಸ್ ಎಂಬ ಲೆಟ್ಯೂಸ್ ತಳಿಯ ಬೀಜಗಳ ಮೇಲೆ ಮಾಡಿದ ಪ್ರಯೋಗವನ್ನು 1952ರಲ್ಲಿ ಪ್ರಕಟಿಸಿದರು. ನೆನೆದ ಬೀಜದ ಮೇಲೆ ಕೆಂಪು ಬೆಳಕು ಬಿದ್ದರೆ ಮೊಳೆಯುತ್ತದೆ, ಅದರ ಬೆನ್ನಿಗೆ ಕಣ್ಣಿಗೆ ಕಾಣುವ ಕೆಂಪಿನ ಆಚೆಯ ಬೆಳಕು ಬಿದ್ದರೆ ಮೊಳಕೆ ತಡೆಯುತ್ತದೆ, ಮತ್ತೆ ಕೆಂಪು ಕೊಟ್ಟರೆ ಮತ್ತೆ ಮೊಳೆಯುತ್ತದೆ. ಕೊನೆಯದಾಗಿ ಬಿದ್ದ ಬೆಳಕು ಯಾವುದೋ ಅದರದ್ದೇ ತೀರ್ಮಾನ. ಗಿಡಗಳಲ್ಲಿ ಬೆಳಕನ್ನು ಗುರುತಿಸುವ ವರ್ಣದ್ರವ್ಯವೊಂದಿದೆ ಎಂಬ ತಿಳಿವಳಿಕೆಗೆ ದಾರಿಯಾದದ್ದು ಇದೇ ಲೆಟ್ಯೂಸ್ ಬೀಜ. ಕೈತೋಟದವರಿಗೆ ಇದರಿಂದ ಸಿಗುವ ಪಾಠ ಸರಳ: ಆಳಕ್ಕೆ ಹೂತ ಲೆಟ್ಯೂಸ್ ಬೀಜ ಮೊಳೆಯುವ ಭರವಸೆ ಇಲ್ಲ. ಬಿಸಿ ಹೆಚ್ಚಿದಷ್ಟೂ ಬೆಳಕಿನ ಅಗತ್ಯವೂ ಹೆಚ್ಚುತ್ತದೆ.

ಹಾಗಾದರೆ ಮಾಡಬೇಕಾದದ್ದು ಹೀಗೆ:

1. ಒಂದು ಕಾಗದದ ಕರವಸ್ತ್ರವನ್ನು ಒದ್ದೆ ಮಾಡಿ ಹಿಂಡಿ, ನೀರು ತೊಟ್ಟಿಕ್ಕದಂತೆ ನೋಡಿಕೊಳ್ಳಿ. ಅದರ ಮೇಲೆ ಬೀಜ ಹರಡಿ, ಮಡಿಸಿ, ಪಾರದರ್ಶಕ ಡಬ್ಬಿಯಲ್ಲಿಟ್ಟು ಒಂದೆರಡು ಗಂಟೆ ಮನೆಯೊಳಗಿನ ತಂಪಾದ ಬೆಳಕಿನ ಜಾಗದಲ್ಲಿಡಿ. ಆಮೇಲೆ ಫ್ರಿಜ್ಜಿನ ಕೆಳ ಅಂಕಣಕ್ಕೆ ಸೇರಿಸಿ. ಫ್ರೀಜರ್ ಬೇಡ.

2. ಎರಡನೆಯ ದಿನದಿಂದ ದಿನಕ್ಕೊಮ್ಮೆ ತೆರೆದು ನೋಡಿ. ಬೀಜದ ಮೊನಚು ತುದಿ ಸೀಳಿ ಸಾಸಿವೆಯ ಕಾಲು ಭಾಗದಷ್ಟು ಬಿಳಿ ಚುಕ್ಕೆ ಇಣುಕಿದರೆ ಬಿತ್ತುವ ಹೊತ್ತಾಯಿತು. ಬೇರು ಅರ್ಧ ಸೆಂಟಿಮೀಟರ್ ಆಗುವವರೆಗೆ ಕಾದರೆ ಕಾಗದಕ್ಕೆ ಹೆಣೆದುಕೊಳ್ಳುತ್ತದೆ, ಬಿಡಿಸುವಾಗ ಮುರಿಯುತ್ತದೆ.

3. ಬಿತ್ತುವ ದಿನ ಮಧ್ಯಾಹ್ನವೇ ಪಾತಿಗೆ ಧಾರಾಳವಾಗಿ ನೀರು ಕೊಟ್ಟು ಮಣ್ಣನ್ನು ತಣಿಸಿ. ಸಂಜೆ ಬಿಸಿಲು ಇಳಿದ ಮೇಲೆ ಬೀಜವನ್ನು ಮೇಲ್ಮೈಯಲ್ಲೇ ಉದುರಿಸಿ, ಜರಡಿ ಹಿಡಿದ ಗೊಬ್ಬರವನ್ನು 3–5 ಮಿಲಿಮೀಟರ್ ದಪ್ಪಕ್ಕೆ ಮಾತ್ರ ಮೇಲೆ ಚಿಮುಕಿಸಿ, ಅಂಗೈಯಿಂದ ಹಗುರಾಗಿ ಒತ್ತಿ.

4. ಮೊಳಕೆ ಹಸಿರಾಗಿ ಕಾಣುವವರೆಗೆ ಮೇಲ್ಮಣ್ಣು ಒಣಗಬಾರದು. ಮೊಳೆತ ಬೀಜ ಒಮ್ಮೆ ಒಣಗಿದರೆ ಮತ್ತೆ ಅವಕಾಶವಿಲ್ಲ. ಸಣ್ಣ ತೂತಿನ ರೋಸ್ ಕ್ಯಾನಿನಿಂದ ದಿನಕ್ಕೆ ಎರಡು ಸಲ ಸಿಂಪಡಿಸಿ, ಪಾತಿಗೆ ನೆರಳು ಪರದೆ ಹಾಕಿ.

ಫ್ರಿಜ್ಜಿನ ಕೆಲಸ ಬೇಡ ಅನ್ನುವವರು ಲೇಪನ ಮಾಡಿದ, ಮೊದಲೇ ಹದಗೊಳಿಸಿದ ಬೀಜ ಕೊಳ್ಳಬಹುದು. ಅಂಥ ಬೀಜ ಹೆಚ್ಚು ಬಿಸಿಯಲ್ಲೂ ಮೊಳೆಯುತ್ತದೆ, ಆದರೆ ಅದರ ಆಯುಸ್ಸು ಕಡಿಮೆ. ಆ ಋತುವಿನಲ್ಲೇ ಬಳಸಿ ಮುಗಿಸಿ.

ಟ್ರೇನಲ್ಲಿ ಸಸಿ ಮಾಡಿಕೊಳ್ಳುವುದು

ಬಿಸಿ ವಸಂತದಲ್ಲಿ ನೇರ ಬಿತ್ತನೆಗಿಂತ ಸಸಿ ನೆಡುವುದು ವಾಸಿ ಎಂಬುದು ನನ್ನ ದೃಢ ಅಭಿಪ್ರಾಯ. ಹೊರಗೆ ಇನ್ನೂ ಚಳಿ ಇರುವಾಗಲೇ ಒಳಗೆ ಮೂರು ನಾಲ್ಕು ವಾರದ ಸಸಿ ಸಿದ್ಧವಾಗಿದ್ದರೆ, ತಂಪಿನ ದಿನಗಳಲ್ಲಿ ಅಷ್ಟು ವಾರ ಗಳಿಸಿದಂತೆ. ಟ್ರೇಯನ್ನು ನೆರಳಲ್ಲಿ, ತಂಪು ಕೋಣೆಯಲ್ಲಿ, ನೆಲದ ಮೇಲೆ ಎಲ್ಲಿ ಬೇಕಾದರೂ ಎತ್ತಿಡಬಹುದು, ಪಾತಿಯನ್ನು ಹಾಗೆ ಎತ್ತಿಡಲಾಗುವುದಿಲ್ಲ.

ನಾಲ್ಕೈದು ಎಲೆ ಬಂದಾಗ ನೆಡಬೇಕು. ಟ್ರೇನಲ್ಲೇ ಬೇರು ಸುತ್ತಿಕೊಂಡು ಎಲೆ ಹಳದಿಯಾದ ಹಳೆ ಸಸಿ ನೆಟ್ಟರೆ, ಅದು ಬೆಳೆಯುವ ಬದಲು ಹೂಬಿಡಲು ಅವಸರ ಮಾಡುತ್ತದೆ. ನೆಡುವ ಮುಂಚೆ ಐದಾರು ದಿನ ಟ್ರೇಯನ್ನು ಹೊರಗಿನ ಗಾಳಿ ಬಿಸಿಲಿಗೆ ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚು ಹೊತ್ತು ಇಟ್ಟು ಒಗ್ಗಿಸಿ. ನೆಡುವುದು ಸಂಜೆಗೇ, ಸಾಧ್ಯವಾದರೆ ಮೋಡದ ದಿನ. ಗುಂಡಿಗೆ ಮೊದಲು ನೀರು, ಆಮೇಲೆ ಸಸಿ. ಸುಳಿ ಮಣ್ಣಿನಿಂದ ಮೇಲೇ ಇರಲಿ, ಹೂತರೆ ಕೊಳೆಯುತ್ತದೆ. ಬಿಡಿ ಎಲೆಯ ಬಗೆಗೆ 20–25 ಸೆಂಟಿಮೀಟರ್, ಉಂಡೆ ಕಟ್ಟುವುದಕ್ಕೆ 30 ಸೆಂಟಿಮೀಟರ್ ಅಂತರ. ಮೊದಲ ಮೂರು ದಿನ ಗಟ್ಟಿ ನೆರಳು ಕೊಡಿ.

ಮಣ್ಣನ್ನು ತಂಪಾಗಿಡುವುದು

ಗಾಳಿ 30 ಡಿಗ್ರಿ ಇರುವಾಗ ಬಿಸಿಲಿಗೆ ತೆರೆದುಕೊಂಡ ಒಣ ಮಣ್ಣಿನ ಮೇಲ್ಪದರ 40 ದಾಟುವುದು ಸಾಮಾನ್ಯ. ಲೆಟ್ಯೂಸಿನ ಬೇರಿನ ಬಹುಭಾಗ ಇರುವುದು ಮೇಲಿನ 30 ಸೆಂಟಿಮೀಟರಿನಲ್ಲಿ, ಅಂದರೆ ಈ ಬಿಸಿ ಮೊದಲು ತಟ್ಟುವ ಕಡೆ. ಬೇರಿನ ಸುತ್ತ ತಂಪಿದ್ದರೆ ಎಲೆಗೆ ಬಿಸಿ ತಟ್ಟಿದರೂ ಗಿಡ ತಡೆದುಕೊಳ್ಳುತ್ತದೆ ಎಂಬುದನ್ನು ನೀರಿನಲ್ಲಿ ಲೆಟ್ಯೂಸ್ ಬೆಳೆಯುವವರು ಚೆನ್ನಾಗಿ ಬಲ್ಲರು. ಅವರು ಬೇರಿಗೆ ಹೋಗುವ ನೀರನ್ನು ತಣಿಸಿಯೇ ಬಿಸಿ ನಾಡುಗಳಲ್ಲೂ ಬೆಳೆ ತೆಗೆಯುತ್ತಾರೆ.

ಪಾತಿಯ ಜಾಗ ಆರಿಸುವಾಗ ಬೆಳಗಿನ ಬಿಸಿಲು ಬೀಳುವ, ಮಧ್ಯಾಹ್ನ ಒಂದರ ಮೇಲೆ ನೆರಳು ಬರುವ ಕಡೆ ನೋಡಿ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಸಿಕ್ಕರೆ ಎಲೆ ತರಕಾರಿಗೆ ಸಾಕು. ಪಡುವಣ ಬದಿಗೆ ಹಂದರಕ್ಕೆ ಹಬ್ಬುವ ಹುರುಳಿಕಾಯಿ ಅಥವಾ ಜೋಳದ ಸಾಲು ಇದ್ದರೆ ಅದೇ ನೆರಳಾಗುತ್ತದೆ. ಬಿಸಿಲು ಬೀಳುವ ಗೋಡೆಗೆ ಒತ್ತಿಕೊಂಡ ಜಾಗ ಬೇಡ, ಗೋಡೆ ಹೀರಿದ ಬಿಸಿಯನ್ನು ರಾತ್ರಿಯಿಡೀ ಹೊರಹಾಕುತ್ತಿರುತ್ತದೆ.

ನೆರಳು ಪರದೆ ಶೇಕಡ 30ರಿಂದ 50ರಷ್ಟು ಬೆಳಕು ತಡೆಯುವಂಥದ್ದಾಗಿರಲಿ. ಶೇಕಡ 75ರ ಪರದೆ ಹಾಕಿದರೆ ಗಿಡ ಬೆಳಕಿಗಾಗಿ ನೀಳವಾಗಿ ಬಡಕಲಾಗುತ್ತದೆ. ಪರದೆಯನ್ನು ಗಿಡಕ್ಕೆ ತಾಗಿಸಬೇಡಿ. ಕನಿಷ್ಠ ಅರ್ಧ ಮೀಟರ್ ಎತ್ತರದಲ್ಲಿ ಕಮಾನು ಕಟ್ಟಿ, ಬದಿಗಳು ತೆರೆದಿರಲಿ. ಕಪ್ಪು ಪರದೆ ತಾನೇ ಕಾಯುವುದರಿಂದ ಇನ್ನೂ ಮೇಲಿರಬೇಕು. ಬಿಳಿ ಅಥವಾ ಬೆಳ್ಳಿ ಬಣ್ಣದ್ದು ಸಿಕ್ಕರೆ ಒಳ್ಳೆಯದು. ಹಳೆಯ ತೆಳು ಬಿಳಿ ಬಟ್ಟೆಯೂ ನಡೆಯುತ್ತದೆ. ಮೋಡ ಕವಿದ ದಿನ ತೆಗೆದುಬಿಡಿ.

ಹೊದಿಕೆಯ ವಿಷಯದಲ್ಲಿ ಒಣಹುಲ್ಲಿಗೆ ಸಾಟಿಯಿಲ್ಲ. ಸಸಿ 8–10 ಸೆಂಟಿಮೀಟರ್ ಎತ್ತರವಾದ ಮೇಲೆ 5 ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ಗಿಡದ ಬುಡದ ಸುತ್ತ ಎರಡು ಬೆರಳು ಜಾಗ ಬಿಡಿ. ಒಣ ಎಲೆ, ಮರದ ಹೊಟ್ಟು ಕೂಡ ಆಗುತ್ತದೆ. ಕಪ್ಪು ಪ್ಲಾಸ್ಟಿಕ್ ಹಾಳೆ ಮಣ್ಣನ್ನು ಕಾಯಿಸುತ್ತದೆ. ಅದು ಟೊಮೆಟೊಗೆ ಸರಿ, ಇಲ್ಲಿ ಬೇಡ.

ನೀರು

ಲೆಟ್ಯೂಸ್ ಎಲೆಯ ತೂಕದಲ್ಲಿ ಸುಮಾರು ಶೇಕಡ 95 ನೀರು. ಸಾಮಾನ್ಯ ವಾರದಲ್ಲಿ ಒಂದು ಚದರ ಮೀಟರಿಗೆ 25 ಲೀಟರ್, ಬಿಸಿ ಹೆಚ್ಚಿದ ವಾರಗಳಲ್ಲಿ 35ರಿಂದ 40 ಲೀಟರ್ ಬೇಕಾಗುತ್ತದೆ. ಅದನ್ನು ಒಂದೇ ದಿನ ಸುರಿಯದೆ ಎರಡು ದಿನಕ್ಕೊಮ್ಮೆ, ಮರಳು ಮಣ್ಣಾದರೆ ದಿನವೂ, ಹಂಚಿ ಕೊಡಿ. ಹನಿ ನೀರಾವರಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ.

ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ. ತುದಿಗೆ ತಂಪು ತಾಗಿ ಮಣ್ಣು ಅಂಟಿದರೆ ನೀರಿದೆ. ಪುಡಿಪುಡಿಯಾಗಿ ಉದುರಿದರೆ ಆಗಲೇ ತಡವಾಗಿದೆ. ಮಧ್ಯಾಹ್ನ ಎಲೆ ಬಾಡಿದಂತೆ ಕಂಡರೆ ಗಾಬರಿಯಾಗಬೇಡಿ, ಬೇರು ಎಳೆಯುವುದಕ್ಕಿಂತ ಹೆಚ್ಚು ನೀರು ಎಲೆಯಿಂದ ಆವಿಯಾಗುವ ಹೊತ್ತು ಅದು. ಸೂರ್ಯ ಇಳಿದ ಮೇಲೆ ಎದ್ದು ನಿಂತರೆ ಗಿಡ ಸರಿಯಿದೆ. ಬೆಳಗ್ಗೆ ಏಳು ಗಂಟೆಗೂ ಬಾಡಿದ್ದರೆ ಮಾತ್ರ ನಿಜವಾದ ದಾಹ, ಅಥವಾ ಬೇರು ಕೊಳೆ. ಮಣ್ಣು ಒದ್ದೆಯಿದ್ದೂ ಗಿಡ ಬಾಡಿದ್ದರೆ ಇನ್ನಷ್ಟು ನೀರು ಹಾಕುವುದು ಅದನ್ನು ಕೊಂದಂತೆಯೇ.

ನೀರುಣಿಸಲು ಬೆಳಗಿನ ಹೊತ್ತು ಒಳ್ಳೆಯದು. ಸುಡುವ ಮಧ್ಯಾಹ್ನ ಎಲೆಗಳ ಮೇಲೆ ಒಂದೆರಡು ನಿಮಿಷ ತುಂತುರು ಹಾಯಿಸಿದರೆ ಎಲೆ ಸುಡುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಹಾಗೇನೂ ಆಗುವುದಿಲ್ಲ. ಆವಿಯಾಗುವ ನೀರು ಎಲೆಯ ಬಿಸಿಯನ್ನು ಇಳಿಸುತ್ತದೆ. ಎಲೆ ಸಂಜೆಯೊಳಗೆ ಒಣಗಿದರೆ ಸಾಕು, ರಾತ್ರಿಯೆಲ್ಲ ಒದ್ದೆಯಿದ್ದರೆ ಬೂಷ್ಟು ರೋಗ ಬರುತ್ತದೆ.

ಗೊಬ್ಬರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೆಡುವ ಮುಂಚೆ 3–5 ಸೆಂಟಿಮೀಟರ್ ಚೆನ್ನಾಗಿ ಕಳಿತ ಕಾಂಪೋಸ್ಟ್ ಅಥವಾ ಎರೆಗೊಬ್ಬರ ಬೆರೆಸಿ. ಬೆಳವಣಿಗೆ ನಿಂತಂತೆ ಕಂಡರೆ ಎರಡು ವಾರಕ್ಕೊಮ್ಮೆ ತೆಳು ದ್ರವ ಗೊಬ್ಬರ.

ದಂಟು ಎದ್ದಾಗ

ಲೆಟ್ಯೂಸ್ ಹೂವಿಗೆ ಬರುವುದಕ್ಕೆ ಬಿಸಿಯ ಜೊತೆ ಹಗಲಿನ ಉದ್ದವೂ ಕಾರಣ. ವಸಂತದಲ್ಲಿ ಎರಡೂ ಒಟ್ಟಿಗೆ ಏರುತ್ತವೆ. ನೆರಳು ಪರದೆ ಬಿಸಿಯನ್ನು ತಗ್ಗಿಸೀತು, ಹಗಲನ್ನು ಕುಗ್ಗಿಸದು. ಆದ್ದರಿಂದ ಪರದೆ ಹೂಬಿಡುವುದನ್ನು ಮುಂದೂಡುತ್ತದೆ, ನಿಲ್ಲಿಸುವುದಿಲ್ಲ.

ಗಿಡ ಮುನ್ಸೂಚನೆ ಕೊಡುತ್ತದೆ. ಬಗ್ಗಿ ಸುಳಿಯನ್ನು ಹತ್ತಿರದಿಂದ ನೋಡಿ. ಆರೋಗ್ಯವಾದ ಗಿಡದಲ್ಲಿ ಎಲೆಗಳೆಲ್ಲ ಒಂದೇ ಬಿಂದುವಿನಿಂದ ಹೊಮ್ಮಿದಂತೆ ಒತ್ತಾಗಿರುತ್ತವೆ. ಹೂವಿನ ತಯಾರಿ ಶುರುವಾದಾಗ ನಡುವಿನ ಎಲೆಗಳು ಮೊನಚಾಗಿ, ಕಿರಿದಾಗಿ, ನೆಟ್ಟಗೆ ನಿಲ್ಲುತ್ತವೆ, ಎಲೆ ಎಲೆಯ ನಡುವೆ ಕಾಂಡ ಇಣುಕುತ್ತದೆ. ಹೊರಗಿನ ಒಂದೆಲೆ ಮುರಿದರೆ ಗಾಯದಿಂದ ಬಿಳಿ ಹಾಲು ಬೇಗ ಒಸರುತ್ತದೆ. ಕಹಿ ಇರುವುದು ಆ ಹಾಲಿನಲ್ಲೇ, ಅದರಲ್ಲಿನ ಲ್ಯಾಕ್ಟುಸಿನ್ ಮತ್ತು ಅದರ ಬಂಧುಗಳು ಎಲೆಗೆ ಆ ರುಚಿ ತರುತ್ತವೆ. ಈ ಹಂತದಲ್ಲಿ ಇನ್ನು ಕಾಯದೆ ಮರುದಿನ ಮುಂಜಾವಿನಲ್ಲೇ ಇಡೀ ಗಿಡ ಕೊಯ್ದುಬಿಡಿ. ನಾಲ್ಕು ಬೆರಳು ಎತ್ತರ ದಂಟು ಎದ್ದ ಮೇಲೆ ಅದನ್ನು ಚಿವುಟಿ ಗಿಡವನ್ನು ಮರಳಿ ಎಳೆಯದಾಗಿಸುವ ಪ್ರಯತ್ನಕ್ಕೆ ಫಲವಿಲ್ಲ.

ಇದಕ್ಕೆ ನಿಜವಾದ ಪರಿಹಾರ ಕಂತಿನ ಬಿತ್ತನೆ. ವಾರಕ್ಕೊಮ್ಮೆ ಒಂದು ಮೊಳ ಉದ್ದದ ಸಾಲು ಬಿತ್ತಿ, ಎಳೆಯದಿರುವಾಗಲೇ ತಿಂದು ಮುಗಿಸುತ್ತಾ ಹೋಗಿ. 10–12 ಸೆಂಟಿಮೀಟರ್ ಎತ್ತರಕ್ಕೆ ಬಂದ ಎಲೆಯನ್ನು ನೆಲದಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಿದರೆ ಅದೇ ಬುಡ ಮತ್ತೆರಡು ಸಲ ಚಿಗುರುತ್ತದೆ. ಇಂಥ ಎಳೆ ಗಿಡಕ್ಕೆ ಹೂಬಿಡುವಷ್ಟು ವಯಸ್ಸೇ ಆಗುವುದಿಲ್ಲ. ದೊಡ್ಡ ಉಂಡೆಯ ಹಂಬಲ ಬಿಟ್ಟವರಿಗೆ ಬಿಸಿ ವಸಂತ ಅಷ್ಟೇನೂ ಕಷ್ಟದ್ದಲ್ಲ.

ಉಳಿದ ಬೆಳೆಗಳು

ಪಾಲಕ್ ಎಂಬ ಹೆಸರಿನಲ್ಲಿ ಎರಡು ಬೇರೆ ಗಿಡಗಳ ಬೀಜ ಮಾರಾಟವಾಗುತ್ತದೆ. ಬಿತ್ತುವ ಮುಂಚೆ ಬೀಜ ನೋಡಿ. ಬೀಟ್‌ರೂಟಿನದ್ದರಂತೆ ಒರಟು ಗಂಟುಗಂಟಾಗಿದ್ದರೆ ಅದು ಬೀಟ್ ಬಳಗದ ಸೊಪ್ಪು, ಬಿಸಿಯಲ್ಲೂ ಹುಲುಸಾಗಿ ಬರುತ್ತದೆ, ಚಿಂತೆಯಿಲ್ಲ. ಒಂಟಿ ದುಂಡು ಬೀಜವಾಗಿದ್ದರೆ ನಿಜವಾದ ಸ್ಪಿನಾಚ್. ಇದು ಲೆಟ್ಯೂಸಿಗಿಂತಲೂ ಹಟಮಾರಿ. ಹಗಲು 14 ಗಂಟೆ ಸಮೀಪಿಸಿದರೆ ಬಿಸಿ ಇರಲಿ ಬಿಡಲಿ ಹೂವಿಗೆ ಹೊರಡುತ್ತದೆ, 30 ಡಿಗ್ರಿಯ ಮಣ್ಣಿನಲ್ಲಿ ಮೊಳೆಯುವುದೂ ತೀರ ಕಡಿಮೆ. ಇದನ್ನು ಎಲ್ಲಕ್ಕಿಂತ ಮೊದಲು ಬಿತ್ತಿ, ಮೊದಲು ಮುಗಿಸಿ. ಆಮೇಲಿನ ದಿನಗಳಿಗೆ ಬೀಟ್ ಬಳಗದ್ದೇ ಸೊಪ್ಪಾದ ಸ್ವಿಸ್ ಚಾರ್ಡ್ ಹಾಕಿಕೊಳ್ಳಿ.

ಮೂಲಂಗಿ ಬೇಗ ಬರುತ್ತದೆ, ಬೇಗ ಹಾಳೂ ಆಗುತ್ತದೆ. ಸೆಖೆಯಲ್ಲಿ ನಾಲ್ಕು ದಿನ ಹೆಚ್ಚಿಗೆ ನೆಲದಲ್ಲಿ ಬಿಟ್ಟರೆ ಖಾರವೇರಿ ಒಳಗೆ ಬೆಂಡಾಗುತ್ತದೆ. ಗೆಡ್ಡೆಯ ಭುಜ ಮಣ್ಣಿನ ಮೇಲೆ ಕಂಡ ಕೂಡಲೇ ಕೀಳಿ.

ಕ್ಯಾರೆಟ್‌ನ ಕಷ್ಟವೆಲ್ಲ ಮೊಳಕೆಯಲ್ಲಿ. ಹತ್ತರಿಂದ ಇಪ್ಪತ್ತು ದಿನ ಮೇಲ್ಮಣ್ಣು ಒಣಗದಂತೆ ಕಾಯಬೇಕು, ಬಿಸಿಲಿಗೆ ಅದು ದುಸ್ತರ. ಸಾಲಿನ ಮೇಲೆ ಒಂದು ಹಲಗೆ ಅಥವಾ ಒದ್ದೆ ಗೋಣಿಚೀಲ ಮುಚ್ಚಿ. ಆರನೆಯ ದಿನದಿಂದ ಬೆಳಗ್ಗೆ ಬೆಳಗ್ಗೆ ಎತ್ತಿ ನೋಡಿ, ಮೊದಲ ಮೊಳಕೆ ಕಂಡ ದಿನವೇ ತೆಗೆಯಿರಿ. ಬೆಳಕು ಬೇಡುವ ಲೆಟ್ಯೂಸಿಗೆ ಈ ಹಲಗೆಯ ಉಪಾಯ ಹಾಕಬೇಡಿ.

ಬಟಾಣಿಗೆ ಹೂವಿನ ಕಾಲ ಮುಖ್ಯ. 27 ಡಿಗ್ರಿ ದಾಟಿದ ದಿನಗಳು ಸಾಲಾಗಿ ಬಂದರೆ ಹೂ, ಎಳೆ ಕಾಯಿ ಉದುರುತ್ತವೆ. ಆದ್ದರಿಂದ ಬೇಗ ಬರುವ ಗಿಡ್ಡ ತಳಿ ಆರಿಸಿ, ಮಣ್ಣು ಉಳುಮೆಯ ಹದಕ್ಕೆ ಬಂದ ಕೂಡಲೇ ಬಿತ್ತಿ.

ಬ್ರೊಕೊಲಿಯಲ್ಲಿ ಮೊಗ್ಗಿನ ಗೊಂಚಲು ರೂಪುಗೊಳ್ಳುವ ಹೊತ್ತಿಗೆ 30ರ ಮೇಲೆ ಬಿಸಿ ಹೊಡೆದರೆ ಮೊಗ್ಗುಗಳು ಸಣ್ಣ ದೊಡ್ಡದಾಗಿ ಗೊಂಚಲು ಉಬ್ಬುತಗ್ಗಾಗುತ್ತದೆ. ನೋಟ ಕೆಟ್ಟರೂ ತಿನ್ನಲು ಅಡ್ಡಿಯಿಲ್ಲ. ಮೊಗ್ಗು ಹಳದಿ ತಿರುಗುವ ಮುನ್ನ ಚಿಕ್ಕದನ್ನೇ ಕೊಯ್ದರೆ ಪಕ್ಕದ ಕವಲುಗಳಿಂದ ಪುಟ್ಟ ಗೊಂಚಲುಗಳು ಬರುತ್ತವೆ. ಹೂಕೋಸಿಗೆ ಈ ಉದಾರತೆ ಇಲ್ಲ. ಬಿಸಿಯಲ್ಲಿ ಗಡ್ಡೆ ಸಡಿಲವಾಗಿ ಅಕ್ಕಿಕಾಳು ಮೆತ್ತಿದಂತೆ ಆಗುತ್ತದೆ, ನಡುವೆ ಎಲೆ ಮೂಡುತ್ತದೆ, ಎರಡನೆಯ ಅವಕಾಶವನ್ನೂ ಕೊಡುವುದಿಲ್ಲ. ಎಲೆಕೋಸು ಇವೆರಡಕ್ಕಿಂತ ಗಟ್ಟಿ. ಬಲಿತ ಉಂಡೆ ಒಮ್ಮೆಲೇ ನೀರು ಸಿಕ್ಕರೆ ಬಿರಿಯುತ್ತದೆ. ಕೊಯ್ಯಲು ತಡವಾಗುವುದಾದರೆ ಗಿಡವನ್ನು ಹಿಡಿದು ಕಾಲು ಸುತ್ತು ತಿರುಗಿಸಿ ಕೆಲವು ಬೇರು ಹರಿಯಿರಿ, ನೀರೆಳೆಯುವುದು ತಗ್ಗುತ್ತದೆ.

ಕೊತ್ತಂಬರಿ ಸಸಿ ಕಿತ್ತು ನೆಟ್ಟರೆ ಮುನಿದು ಹೂವಿಗೆ ಹೋಗುತ್ತದೆ. ನೇರ ಬಿತ್ತಿ, ಎರಡು ವಾರಕ್ಕೊಮ್ಮೆ ಹೊಸದಾಗಿ ಬಿತ್ತಿ.

ಎಲೆಯಂಚು ಕಂದಿದಾಗ, ಹುಳು ಬಿದ್ದಾಗ

ಲೆಟ್ಯೂಸಿನ ಒಳಗಿನ ಎಳೆ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಒಣಗುವುದು ರೋಗವಲ್ಲ. ಸುಣ್ಣದಂಶ ನೀರಿನ ಜೊತೆ ಹರಿದು ಹೆಚ್ಚು ಆವಿಯಾಗುವ ಹೊರ ಎಲೆಗಳಿಗೇ ಸೇರುತ್ತದೆ, ವೇಗವಾಗಿ ಬೆಳೆಯುವ ಒಳ ಎಲೆಗೆ ಸಾಲುವುದಿಲ್ಲ. ಮಣ್ಣಿಗೆ ಇನ್ನಷ್ಟು ಸುಣ್ಣ ಸುರಿದು ಹೆಚ್ಚಿನ ಪ್ರಯೋಜನವಿಲ್ಲ. ನೀರು ಏರುಪೇರಾಗದಂತೆ ನೋಡಿ, ಸಾರಜನಕದ ಗೊಬ್ಬರ ತಗ್ಗಿಸಿ, ಗಿಡಗಳ ನಡುವೆ ಗಾಳಿ ಆಡಲಿ, ಉಂಡೆ ಪೂರ್ತಿ ಕಟ್ಟುವ ಮೊದಲೇ ಕೊಯ್ಯಿರಿ.

ಬಿಸಿ ಏರಿದಂತೆ ಗಿಡಹೇನು, ಮೂಲಂಗಿ ಕೋಸುಗಳ ಎಲೆಯಲ್ಲಿ ಗುಂಡುಸೂಜಿ ಚುಚ್ಚಿದಂತೆ ತೂತು ಮಾಡುವ ನೆಗೆಯುವ ದುಂಬಿ, ಕೋಸಿನ ಹಸಿರು ಹುಳು ಹೆಚ್ಚುತ್ತವೆ. ನೆಟ್ಟ ದಿನವೇ ಸಣ್ಣ ಕಣ್ಣಿನ ಕೀಟ ಪರದೆ ಹೊದಿಸಿ ಅಂಚನ್ನು ಮಣ್ಣಿನಲ್ಲಿ ಹೂತರೆ ಈ ಮೂರೂ ಬಹುಮಟ್ಟಿಗೆ ಹೊರಗುಳಿಯುತ್ತವೆ. ಗಿಡಹೇನು ಬಂದುಬಿಟ್ಟರೆ ಎಲೆಯ ಅಡಿಗೆ ರಭಸವಾಗಿ ನೀರು ಹೊಡೆಯಿರಿ. ಹಸಿಯಾಗಿ ತಿನ್ನುವ ಎಲೆಗೆ ಕೀಟನಾಶಕ ಹೊಡೆಯುವುದಕ್ಕೆ ನನ್ನ ಸಮ್ಮತಿಯಿಲ್ಲ.

ಕೊಯ್ಲು ಮತ್ತು ಆಮೇಲೆ

ಮುಂಜಾನೆ ಎಲೆ ರಾತ್ರಿಯ ನೀರು ತುಂಬಿಕೊಂಡು ಬಿಗಿಯಾಗಿರುತ್ತದೆ. ಬಿಸಿಲು ಪಾತಿ ಮುಟ್ಟುವ ಮುಂಚೆ ಕೊಯ್ದು ನೇರ ತಣ್ಣೀರಿಗೆ ಹಾಕಿ. ಹತ್ತು ನಿಮಿಷ ಬಿಟ್ಟು ತೆಗೆದು ನೀರು ಚೆನ್ನಾಗಿ ಸೋರಿಸಿ, ಒಣ ಬಟ್ಟೆಯೊಂದಿಗೆ ಡಬ್ಬಿಯಲ್ಲಿಟ್ಟು ಫ್ರಿಜ್ಜಿನಲ್ಲಿಡಿ. ಸೇಬು, ಬಾಳೆಹಣ್ಣಿನ ಜೊತೆ ಇಡಬೇಡಿ. ಹಣ್ಣಾಗುವಾಗ ಅವು ಬಿಡುವ ಎಥಿಲೀನ್ ಅನಿಲದಿಂದ ಎಲೆಯ ಮೇಲೆ ಕಂದು ಚುಕ್ಕೆ ಏಳುತ್ತವೆ. ತುಸು ಕಹಿ ಬಂದ ಎಲೆಯೂ ಒಂದೆರಡು ದಿನ ತಂಪಿನಲ್ಲಿದ್ದರೆ ಸ್ವಲ್ಪ ಸೌಮ್ಯವಾಗುತ್ತದೆ.

ರಾತ್ರಿಯಲ್ಲೂ ಸೆಖೆ ಇಳಿಯದ ದಿನಗಳು ಬಂದಾಗ ಹೊಸ ಬಿತ್ತನೆ ನಿಲ್ಲಿಸಿ, ಆ ಜಾಗವನ್ನು ಬೆಂಡೆ, ಅಲಸಂದೆ, ದಂಟಿನ ಸೊಪ್ಪಿನಂಥ ಬಿಸಿ ಬೆಳೆಗಳಿಗೆ ಬಿಟ್ಟುಕೊಡಿ. ಆದರೆ ಲೆಟ್ಯೂಸ್ ಸಾಲಿನಲ್ಲಿ ಎಲ್ಲಕ್ಕಿಂತ ತಡವಾಗಿ ದಂಟು ಎತ್ತಿದ ಎರಡು ಗಿಡಗಳನ್ನು ಕೊಯ್ಯದೆ ಉಳಿಸಿ, ಪಕ್ಕಕ್ಕೊಂದು ಕೋಲು ನೆಟ್ಟು ಕಟ್ಟಿ. ಮೊದಲು ಎತ್ತಿದ ಗಿಡದ ಬೀಜ ಇಟ್ಟುಕೊಂಡರೆ ಬೇಗ ಹೂಬಿಡುವ ಗುಣವನ್ನೇ ಮುಂದಿನ ವರ್ಷಕ್ಕೆ ದಾಟಿಸಿದಂತಾಗುತ್ತದೆ. ಲೆಟ್ಯೂಸ್ ಹೂ ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಳು ಕಟ್ಟುವುದರಿಂದ, ಸಂಕರವಲ್ಲದ ತಳಿಯಾದರೆ, ಗುಣ ಹಾಗೆಯೇ ಉಳಿಯುತ್ತದೆ. ಹೂ ಬಿಟ್ಟ ಎರಡು ಮೂರು ವಾರಕ್ಕೆ ತುದಿಯಲ್ಲಿ ಬಿಳಿ ಹತ್ತಿಯಂಥ ಕುಚ್ಚು ಮೂಡುತ್ತದೆ. ಎಲ್ಲ ಹೂವೂ ಒಂದೇ ದಿನ ಬಲಿಯುವುದಿಲ್ಲ. ಎರಡು ದಿನಕ್ಕೊಮ್ಮೆ ಕಾಗದದ ಚೀಲದೊಳಗೆ ದಂಟನ್ನು ಬಗ್ಗಿಸಿ ಒದರಿ, ಬಿದ್ದ ಬೀಜವನ್ನು ನೆರಳಲ್ಲಿ ಒಂದು ವಾರ ಒಣಗಿಸಿ. ತಳಿ ಮತ್ತು ವರ್ಷ ಬರೆದ ಚೀಟಿ ಹಚ್ಚಿ ಗಾಳಿಯಾಡದ ಸೀಸೆಯಲ್ಲಿ ತಂಪಾದ ಕಡೆ ಇಡಿ. ಹೊಸ ಬೀಜದಲ್ಲಿ ನಿದ್ದೆ ಹೆಚ್ಚಿರುವುದರಿಂದ ತಕ್ಷಣ ಬಿತ್ತುವುದಾದರೆ ಫ್ರಿಜ್ಜಿನ ಹಂತವನ್ನು ಬಿಡಬೇಡಿ.